ತಕ್ಕಡಿಯಣ್ಣ ಚಿತ್ರ ನೋಡಲು ಹೋದದ್ದು

ತಕ್ಕಡಿಯಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಅವನ ಸಂಬಳದ ಚೀಟಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿಲ್ಲ. ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಕಟ್ಟುವುದು, ಹೊರುವುದು, ಇಳಿಸುವುದು ಇಷ್ಟರಲ್ಲೇ ಅವನ ತಲೆ ಅರ್ಧ ನರೆತಿದೆ. ಯಾವ ವಸ್ತುವನ್ನಾದರೂ ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿದನೆಂದರೆ ಇಷ್ಟೇ ತೂಕ ಎಂದು ಹೇಳಿಬಿಡುತ್ತಾನೆ. ತೂಗಿ ನೋಡಿದರೆ ಅಷ್ಟೇ ಇರುತ್ತದೆ. ಈ ವಿದ್ಯೆಯಿಂದ ಲೋಕಕ್ಕಾದ ಉಪಕಾರ ಕಡಿಮೆ, ಮನಸ್ತಾಪವೇ ಹೆಚ್ಚು. ಯಾರದೋ ಮದುವೆಯಲ್ಲಿ ಹುಡುಗಿಯ ಸೋದರತ್ತೆ ಎದುರಿಗೆ ಬಂದಾಗ ಬಾಯಿತಪ್ಪಿ ಒಂದು ಅಂಕಿ ಹೇಳಿಬಿಟ್ಟ. ಆ ಕಡೆಯ ನೆಂಟರು ಇವತ್ತಿನವರೆಗೂ ಇವನ ಮನೆ ಹೊಸ್ತಿಲು ತುಳಿದಿಲ್ಲ.

ಅವನ ಇನ್ನೊಂದು ವಿದ್ಯೆ ಓದಿನಿಂದ ಬಂದದ್ದು. ಲೋಟ, ಬಸಿ, ಹೂದಾನಿಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುವಾಗ ಹಾಳೆಯ ಮೇಲೆ ಏನಿದ್ದರೂ ಓದುವುದು ಅವನ ಅಭ್ಯಾಸ. ಆದರೆ ಲೋಟ ಕಾಯಬೇಕಲ್ಲ. ಅರ್ಧ ಓದುವಷ್ಟರಲ್ಲಿ ಸುತ್ತಿ ಮುಗಿದಿರುತ್ತದೆ, ಉಳಿದರ್ಧ ಜ್ಞಾನ ಗಿರಾಕಿಯ ಸಾಮಾನಿನ ಜೊತೆ ಪರವೂರಿಗೆ ಹೊರಟುಹೋಗುತ್ತದೆ. ಹೀಗಾಗಿ ತಕ್ಕಡಿಯಣ್ಣನಿಗೆ ಗೊತ್ತಿಲ್ಲದ ವಿಷಯವೂ ಇಲ್ಲ, ಪೂರ್ತಿ ಗೊತ್ತಿರುವ ವಿಷಯವೂ ಇಲ್ಲ. ತಿಮಿಂಗಿಲ ಏಕೆ ಹಾಡುತ್ತದೆ ಎಂಬುದನ್ನು ಪಂಡಿತರು ಕೊನೆಗೂ ಕಂಡುಹಿಡಿದರು ಎಂದು ಅವನು ಆಣೆ ಮಾಡಿ ಹೇಳಬಲ್ಲ. ಏಕೆ ಎಂದು ಕೇಳಿದರೆ ಮಾತ್ರ ಕೆಮ್ಮುತ್ತಾನೆ. ಆ ಭಾಗ ಒಂದು ಟೀ ಕೆಟಲಿನ ಮೂತಿಗೆ ಹೋಗಿತ್ತು.

ಇಂಥವನನ್ನು ಕಟ್ಟಿಕೊಂಡವಳಿಗೆ ಮಂಡಿ ಹಿಡಿದುಕೊಂಡು ಕೆಲವು ವರ್ಷಗಳಾಗಿವೆ. ಮನೆ ಇರುವುದು ಮೇಲಿನ ಮಹಡಿಯಲ್ಲಿ, ಮೆಟ್ಟಿಲು ಕಡಿದಾದವು, ಲಿಫ್ಟ್ ಎಂಬುದು ಮನೆ ಮಾಲೀಕರ ಮಾತಿನಲ್ಲಿ ಮಾತ್ರ ಇದೆ. ಅಡುಗೆಮನೆ ಕಿಟಕಿಯಿಂದ ಕಾಣುವಷ್ಟು ಬೀದಿ ಬಿಟ್ಟರೆ ಉಳಿದ ಪ್ರಪಂಚವೆಲ್ಲ ಅವಳಿಗೆ ಗಂಡನ ಬಾಯಿಂದಲೇ ಬರಬೇಕು. ಅದು ಬರುತ್ತಿದ್ದ ರೀತಿಯೇ ಬೇರೆ. ಹಳೆಯ ಅರಮನೆ ನೋಡಿ ಬಂದವನನ್ನು ಸಿಂಹಾಸನ ಹೇಗಿತ್ತು ಎಂದು ಕೇಳಿದಳು. "ನಾಲ್ಕು ಆಳು ಬೇಕು. ಬಾಗಿಲಲ್ಲಿ ಓರೆ ಮಾಡಿ ತೆಗೀಬೇಕು" ಅಂದ. ಸಮುದ್ರ ನೋಡಿ ಬಂದಾಗ ದಡದಲ್ಲಿ ಕವುಚಿ ಹಾಕಿದ್ದ ದೋಣಿಯ ತೂಕ ಹೇಳಿದ. ನೀರಿನ ಬಣ್ಣ ಕೇಳಿದರೆ, "ಇತ್ತು" ಅಂದ.

ಹಾಗಾಗಿ ಪಕ್ಕದ ನಗರದ ಕಲಾಭವನಕ್ಕೆ ಕಂಪನಿಯವರೆಲ್ಲ ಒಂದು ದಿನದ ಪ್ರವಾಸ ಹೊರಟ ಬೆಳಿಗ್ಗೆ, ಅವಳು ಅವನ ಕಾಲರು ಸರಿಮಾಡುತ್ತಾ ಮಾತು ತೆಗೆದಳು.

"ರೀ, ಈ ಸಲ ಒಂದು ಕೆಲಸ ಮಾಡಿ."

"ಹೇಳು."

"ಅಲ್ಲಿ ರಾಶಿ ಚಿತ್ರ ಇರುತ್ತಂತೆ. ನಂಗೆ ಎಲ್ಲಾ ಬೇಡ. ಒಂದೇ ಒಂದನ್ನ ಸರಿಯಾಗಿ ನೋಡ್ಕೊಂಡು ಬನ್ನಿ. ಅದರಲ್ಲಿ ಏನಿತ್ತು ಅಂತ ನಂಗೆ ಹೇಳಿ."

"ಇಷ್ಟೇ ತಾನೆ?"

"ಇಷ್ಟೇ. ಎಷ್ಟು ಭಾರ ಇತ್ತು, ಬಾಗಿಲಲ್ಲಿ ಹಿಡಿಸುತ್ತಾ, ಅವೆಲ್ಲಾ ಬೇಡ."

ನಗುತ್ತಲೇ ಹೇಳಿದಳು. ಆದರೆ ಕಾಲರು ಸರಿಹೋದ ಮೇಲೂ ಅವಳ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಈ ಸಲವೂ ಬರಿಗೈಯಲ್ಲಿ ಬಂದರೆ ಇವಳು ಇನ್ನು ಕೇಳುವುದನ್ನೇ ಬಿಟ್ಟುಬಿಡುತ್ತಾಳೆ ಎಂದು ತಕ್ಕಡಿಯಣ್ಣನಿಗೆ ಹೊಳೆಯಿತು. "ನೋಡ್ಕೊಂಡು ಬರ್ತೀನಿ" ಎಂದು ಮೆಟ್ಟಿಲಿಳಿದ.

ಪ್ರವಾಸದ ಯೋಚನೆ ಆಫೀಸಿನ ಮೇಡಂ ಅವರದು. ಕಂಪನಿಯಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವರು ಅವರೊಬ್ಬರೇ. ಉಳಿದವರು ಕುರ್ಚಿ ಹೊರುವವರು. ವರ್ಷವಿಡೀ ಬೇರೆಯವರ ಬೀರು ಮಂಚ ನೋಡಿ ನೋಡಿ ಇವರ ಕಣ್ಣು ಒಣಗಿದೆ, ಒಂದು ದಿನ ಒಳ್ಳೆಯದೇನನ್ನಾದರೂ ನೋಡಲಿ ಎಂದು ಅವರು ಯಜಮಾನರ ಬೆನ್ನು ಹತ್ತಿದರು. ಯಜಮಾನರು ಒಪ್ಪಿದರು, ಎಲ್ಲರಿಗೂ ಒಂದೇ ಥರದ ನೀಲಿ ಅಂಗಿಯನ್ನೂ ಹೊಲಿಸಿಕೊಟ್ಟರು. ಬೆನ್ನ ಮೇಲೆ ದಪ್ಪಕ್ಷರದಲ್ಲಿ ಕಂಪನಿಯ ಹೆಸರು. ಬಸ್ಸಿನ ಮಾತು ಬಂದಾಗ ಮಾತ್ರ, "ನಮ್ಮದೇ ಲಾರಿ ಇರುವಾಗ ಬಸ್ಸು ಯಾಕ್ರೀ?" ಅಂದರು.

ಲಾರಿ ಹತ್ತುವ ಮೊದಲು ಮೇಡಂ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ದಿನದ ನಿಯಮ ಓದಿದರು. "ಇವತ್ತು ಯಾರೂ ಏನನ್ನೂ ಎತ್ತಬಾರದು. ಕೈ ಜೇಬಲ್ಲಿರಬೇಕು. ಫೋನುಗಳೆಲ್ಲಾ ಲಾರಿಯಲ್ಲೇ, ಈ ಡಬ್ಬಿಯೊಳಗೆ. ಯಾವ ಗಿರಾಕಿನೂ ಇವತ್ತು ನಿಮ್ಮನ್ನ ಕರೆಯೋ ಹಾಗಿಲ್ಲ."

ಮೇಸ್ತ್ರಿಗಳಿಗೆ ಈ ನಿಯಮ ಕೇಳಿ ಕಣ್ಣು ತೇವವಾಯಿತು. ಅವರು ಕಂಪನಿಯ ಹಿರಿಯರು, ಹಗ್ಗದ ಗಂಟಿನಲ್ಲಿ ಅವರನ್ನು ಮೀರಿಸಿದವರಿಲ್ಲ. ರಜೆಯ ದಿನ ಸ್ವಂತ ತಂಗಿಯ ಮನೆಗೆ ಊಟಕ್ಕೆ ಹೋದರೂ, "ಅಣ್ಣಾ, ಬಂದಿದ್ದೀಯಲ್ಲ, ಈ ಬೀರು ಸ್ವಲ್ಪ ಆ ಕಡೆಗೆ" ಎಂದು ಕೇಳಿಸಿಕೊಂಡು ಬೇಸತ್ತವರು. "ಇವತ್ತು ಯಾರಾದ್ರೂ ಒಂದು ಮಣೆ ಎತ್ತಿಕೊಡು ಅಂದ್ರೂ ನಾನು ಮನುಷ್ಯನಾಗಿರಲ್ಲ" ಎಂದು ಘೋಷಿಸಿ ಎರಡೂ ಕೈ ಜೇಬಿಗೆ ತುರುಕಿಕೊಂಡರು. ಹಾಗೇ ಲಾರಿ ಹತ್ತಲು ಹೋಗಿ ಮುಗ್ಗರಿಸಿದರು.

ದಾರಿಯುದ್ದಕ್ಕೂ ತಕ್ಕಡಿಯಣ್ಣನದೇ ಉಪನ್ಯಾಸ. "ಈಗಿನ ಕಲೆ ಅಂದ್ರೆ ಮೊದಲಿನ ಹಾಗಲ್ಲ. ಗೋಡೆ ಮೇಲೆ ತೂಗುಹಾಕಿ, ಜನ ಬಾಯಿಬಿಟ್ಕೊಂಡು ನೋಡಿ ಹೋಗೋ ಕಾಲ ಮುಗೀತು. ಈಗ ನೋಡೋಕೆ ಬಂದವರೂ ಕೈ ಹಾಕ್ಬೇಕು. ಅವರು ಕೈ ಹಾಕಿದ್ರೇನೇ ಕೃತಿ ಪೂರ್ತಿ ಆಗೋದು."

"ಕೈ ಹಾಕೋದು ಅಂದ್ರೆ ಏನು ಮಾಡ್ಬೇಕು?" ಎಂದು ಡ್ರೈವರು ಕೇಳಿದ.

ತಕ್ಕಡಿಯಣ್ಣ ಕೆಮ್ಮಿದ. ಆ ಭಾಗ ಯಾರದೋ ಉಪ್ಪಿನ ಡಬ್ಬಿಯ ಸುತ್ತ ಇತ್ತು.

ಕಲಾಭವನದ ಮುಂದೆ ಮೇಡಂ ಇಳಿದುಕೊಂಡರು. "ನಾನು ಟಿಕೆಟ್ ತಗೊಂಡಿರ್ತೀನಿ. ಗಾಡಿ ನಿಲ್ಲಿಸಿ ಮುಂಬಾಗಿಲಿಗೆ ಬನ್ನಿ" ಎಂದು ಸೆರಗು ಸರಿಮಾಡಿಕೊಂಡು ಹೋದರು. ಇತ್ತ ಕಾವಲುಗಾರ ಲಾರಿಯನ್ನು ನೋಡಿದ, ನೀಲಿ ಅಂಗಿಗಳನ್ನು ನೋಡಿದ, ಬಾಯಿ ತೆರೆಯದೆ ಕೋಲಿನಿಂದ ಹಿಂದಿನ ಗೇಟು ತೋರಿಸಿದ. ಹಿಂದಿನ ಗೇಟಿನವನು ಇನ್ನೂ ಮರ್ಯಾದಸ್ಥ. ಎರಡೂ ಬಾಗಿಲು ಅಗಲವಾಗಿ ತೆಗೆದು, "ಬೇಗ ಒಳಗೆ ಹೋಗಿ, ಸಾಹೇಬ್ರು ನಿಮಗೇ ಕಾಯ್ತಾ ಇದಾರೆ" ಅಂದ.

"ನಮಗೇ ಕಾಯ್ತಾ ಇದಾರಾ?" ಡ್ರೈವರು ಹಿಂದೆಗೆದ.

"ಮೇಡಂ ಮೊದಲೇ ಹೇಳಿಟ್ಟಿರ್ತಾರೆ. ನಡೀರಿ" ಅಂದ ತಕ್ಕಡಿಯಣ್ಣ.

ಉದ್ದನೆಯ ಓಣಿ ದಾಟಿದರೆ ದೊಡ್ಡ ಹಾಲ್. ನಾಲ್ಕು ಗೋಡೆಗೂ ಚಿತ್ರಗಳು. ನಡುವೆ ನೆಲದ ಮೇಲೆ ರಟ್ಟಿನ ಪೆಟ್ಟಿಗೆಗಳು, ಗುಳ್ಳೆ ಪ್ಲಾಸ್ಟಿಕ್ಕಿನ ಸುರುಳಿ, ಟೇಪು, ದಾರದ ಉಂಡೆ. ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ವಯಸ್ಸಾದ ಹೆಂಗಸೊಬ್ಬರು ಕೈಕಟ್ಟಿ ಕೂತಿದ್ದರು. ಬೆರಳಿನ ಸಂದಿಯಲ್ಲಿ ಒಣಗಿದ ಬಣ್ಣ. ಈ ಚಿತ್ರಗಳನ್ನೆಲ್ಲ ಬರೆದವರು ಅವರೇ, ಅವರ ಪ್ರದರ್ಶನ ಹಿಂದಿನ ದಿನವೇ ಮುಗಿದಿತ್ತು. ಇದು ನಮ್ಮವರಿಗೆ ತಿಳಿದಿರಲಿಲ್ಲ. ಕೈಗಳನ್ನು ಜೇಬಿಗೆ ತುರುಕಿಕೊಂಡು ಸಭ್ಯರಾಗಿ ಮೊದಲನೆಯ ಚಿತ್ರದ ಮುಂದೆ ಸಾಲಾಗಿ ನಿಂತರು.

ಅಷ್ಟರಲ್ಲಿ ಕಲಾಭವನದ ಅಧಿಕಾರಿಯೊಬ್ಬರು ಓಡಿಬಂದರು. ಒಂದು ಕಿವಿಗೆ ಫೋನು, ಹಣೆ ತುಂಬ ಬೆವರು. "ಅಂತೂ ಬಂದ್ರಲ್ಲ. ಕೈ ಜೇಬಿಂದ ತೆಗೀರಪ್ಪಾ, ಇದೆಲ್ಲಾ ನೀವೇ ಮಾಡ್ಬೇಕು. ಆ ಗೋಡೆಯಿಂದ ಶುರು ಮಾಡಿ. ಆತುರ ಬೇಡ, ಪ್ರೀತಿಯಿಂದ ಮಾಡಿ. ಮಧ್ಯಾಹ್ನದ ಹೊತ್ತಿಗೆ ಇಲ್ಲಿ ಏನೂ ಇರಬಾರದು." ಅಷ್ಟು ಹೇಳಿ ಫೋನಿನ ಜೊತೆ ಮಾಯವಾದರು.

ಮೇಸ್ತ್ರಿಗಳ ಮುಖ ಕೆಂಪಾಯಿತು. "ಏನಯ್ಯಾ ಇದು? ದುಡ್ಡು ಕೊಟ್ಟು ನೋಡೋಕೆ ಬಂದ್ರೆ ಇಲ್ಲೂ ಕಟ್ಟಬೇಕಾ?"

ತಕ್ಕಡಿಯಣ್ಣನ ಮುಖದಲ್ಲಿ ಮಾತ್ರ ಜ್ಞಾನೋದಯದ ಕಳೆ. ದನಿ ತಗ್ಗಿಸಿ, "ಮೇಸ್ತ್ರೀ, ನಾನು ಲಾರಿಯಲ್ಲಿ ಹೇಳಿದ್ದು ಇದೇ" ಅಂದ. "ನೋಡಿ, ಪೆಟ್ಟಿಗೆ ತಾವೇ ಇಟ್ಟಿದಾರೆ. ದಾರ ತಾವೇ ಇಟ್ಟಿದಾರೆ. ನಾವು ಬರ್ತೀವಿ ಅಂತ ಕಾಯ್ತಾ ಇದ್ರು. ಪ್ರೀತಿಯಿಂದ ಮಾಡಿ ಅಂದ್ರು. ಯಾವ ಗಿರಾಕಿ ನಮಗೆ ಹಾಗೆ ಹೇಳಿದಾನೆ? ಇದು ಕೆಲಸ ಅಲ್ಲ, ಇದೇ ಕಲೆ. ಸುಮ್ನೆ ಗುರಾಯಿಸ್ಕೊಂಡು ನಿಂತ್ರೆ ನಮ್ಮನ್ನ ಏನೂ ತಿಳೀದವರು ಅಂದ್ಕೋತಾರೆ."

"ಏನೂ ಇರಬಾರದು ಅಂದ್ರಲ್ಲ, ಅದು?" ಅಂದ ಡ್ರೈವರು.

"ಅದೇ ಅದರ ಅರ್ಥ. ಕೊನೆಗೆ ಏನೂ ಉಳಿಯಲ್ಲ ಅಂತ."

ಅರ್ಥ ಇಷ್ಟು ಗಂಭೀರವಾಗಿದ್ದ ಮೇಲೆ ಯಾರು ಎದುರಾಡುತ್ತಾರೆ? ಮೇಸ್ತ್ರಿಗಳು ಅರೆಮನಸ್ಸಿನಿಂದ ಒಂದು ಕೈ ಹೊರತೆಗೆದರು. ದಾರದ ಉಂಡೆ ಮುಟ್ಟಿದ್ದೇ ತಡ, ಇನ್ನೊಂದು ಕೈ ತಾನಾಗಿ ಬಂತು.

ನಂತರ ಆದದ್ದನ್ನು ವರ್ಣಿಸುವುದು ಕಷ್ಟ. ಸಂಬಳಕ್ಕೆ ಎಂದೂ ಕಟ್ಟದ ಹಾಗೆ ಅವರು ಅಂದು ಕಟ್ಟಿದರು. ಮೂಲೆಗೆ ಎರಡು ಪದರ ರಟ್ಟು, ಗಾಜಿನ ಮೇಲೆ ಅಡ್ಡಡ್ಡ ಟೇಪು, ದಾರದ ಗಂಟುಗಳೆಲ್ಲ ಒಂದೇ ಗೆರೆಯಲ್ಲಿ. ಡ್ರೈವರು ಗಂಟಿನ ತುದಿಯನ್ನು ಹೂವಿನ ಹಾಗೆ ಮಡಿಸಿದ, ಮೇಸ್ತ್ರಿಗಳು ಬೈಯುವ ಬದಲು ತಲೆದೂಗಿದರು. ಅವಸರ ಮಾಡುವ ಗಿರಾಕಿಯಿಲ್ಲ, "ನಮ್ಮಜ್ಜಿಯ ಕಾಲದ್ದು, ಹುಷಾರು" ಎಂದು ಹಿಂದೆ ಹಿಂದೆ ಬರುವವರಿಲ್ಲ. ಕಲೆ ಇಷ್ಟು ಸುಲಭವೆಂದು ಮೊದಲೇ ಗೊತ್ತಿದ್ದರೆ ಚಿಕ್ಕಂದಿನಲ್ಲೇ ಕಲಿಯುತ್ತಿದ್ದೆನಲ್ಲ ಎಂದು ಮೇಸ್ತ್ರಿಗಳು ಕೊರಗಿದರು.

ನಡುವೆ ಕನ್ನಡಕದ ಹಿರಿಯರೊಬ್ಬರು ಬಾಗಿಲಲ್ಲಿ ಇಣುಕಿದರು. ಮುಂದಿನ ಹಾಲಿನಿಂದ ದಾರಿತಪ್ಪಿ ಬಂದಿದ್ದ ನಿಜವಾದ ಪ್ರೇಕ್ಷಕರು. "ಒಳಗೆ ಬರಬಹುದಾ?" ಎಂದು ಕೇಳಿದರು.

"ಬನ್ನಿ ಸಾರ್, ಹೊರಗೆ ನಿಂತು ನೋಡೋದಲ್ಲ ಇದು. ಇಲ್ಲಿ ಬೆರಳಿಡಿ" ಎಂದು ತಕ್ಕಡಿಯಣ್ಣ ಅವರನ್ನು ಸೇರಿಸಿಕೊಂಡ. ಹಿರಿಯರು ಗಂಟಿನ ಮೇಲೆ ಬೆರಳಿಟ್ಟರು. ವಿವರಣೆ ಕೇಳಿಸಿಕೊಂಡ ಮೇಲೆ, "ಇಷ್ಟು ವರ್ಷ ಈ ಹೊಸ ಕಲೆ ನನಗೆ ಅರ್ಥವೇ ಆಗಿರಲಿಲ್ಲ ನೋಡಿ. ಇವತ್ತು ಆಗ್ತಾ ಇದೆ" ಅಂದರು. ಆಮೇಲೆ ಅವರನ್ನು ಕಳಿಸುವುದೇ ಕಷ್ಟವಾಯಿತು. ಒಮ್ಮೆ ಇಣುಕಿದ ಅಧಿಕಾರಿಗಳು ಕನ್ನಡಕ ನೋಡಿ ಇವರೇ ಕಂಪನಿಯ ಮಾಲೀಕರೆಂದು ತಿಳಿದು ಕೈಮುಗಿದು ಹೋದರು.

ತಕ್ಕಡಿಯಣ್ಣ ಶಿಷ್ಟಾಚಾರ ಬಿಟ್ಟವನಲ್ಲ. ಸ್ಟೂಲಿನ ಮೇಲಿದ್ದ ಚಿತ್ರಗಾರ್ತಿಯ ಹತ್ತಿರ ಹೋಗಿ, "ಅಮ್ಮಾ, ನಾವು ಮಾಡ್ತಿರೋದು ನಿಮ್ಮ ಮನಸ್ಸಿಗೆ ಬರ್ತಾ ಇದೆಯಾ?" ಎಂದು ಕೇಳಿದ.

ಆಕೆ ಅಚ್ಚರಿಯಿಂದ ತಲೆಯೆತ್ತಿದರು. "ಕಟ್ಟೋಕೆ ಬಂದವರು ಇದುವರೆಗೂ ಯಾರೂ ಹೀಗೆ ಕೇಳಿಲ್ಲಪ್ಪಾ. ಚೆನ್ನಾಗಿ ಮಾಡ್ತಿದೀರಿ. ಗೋಡೆ ಖಾಲಿ ಆಗೋದು ನೋಡೋಕೆ ಮಾತ್ರ ಆಗಲ್ಲ, ಹೊಟ್ಟೆ ಉರಿಯುತ್ತೆ."

"ಅದಕ್ಕೇ ತಾನೇ ಇಷ್ಟೆಲ್ಲಾ" ಅಂದ ತಕ್ಕಡಿಯಣ್ಣ, ತುಂಬ ತಿಳಿದವನಂತೆ.

ಕೊನೆಯ ಗೋಡೆಗೆ ಬರುವಷ್ಟರಲ್ಲಿ ಗುಳ್ಳೆ ಪ್ಲಾಸ್ಟಿಕ್ಕು ಮುಗಿಯಿತು. ಒಂದೇ ಒಂದು ಚಿತ್ರ ಉಳಿದಿತ್ತು. ಅದನ್ನು ಆಗಲೇ ಗೋಡೆಯಿಂದ ಇಳಿಸಿಯಾಗಿತ್ತು. ಅದೇ ಹೊತ್ತಿಗೆ ಜಾಡಮಾಲಿ ಬಂದು ನೆಲಕ್ಕೆಲ್ಲ ನೀರು ಹಾಕಿ ಒರೆಸತೊಡಗಿದ. "ಕೆಳಗಿಡಬೇಡ, ಒದ್ದೆಯಾಗುತ್ತೆ. ಹಿಡ್ಕೊಂಡು ನಿಂತಿರು. ಲಾರಿಯಿಂದ ನಮ್ಮ ಸುರುಳಿ ತರ್ತೀನಿ" ಎಂದು ಮೇಸ್ತ್ರಿಗಳು ಹೊರಟರು. ತಕ್ಕಡಿಯಣ್ಣ ಎರಡೂ ತೋಳು ಚಾಚಿ ಚಿತ್ರವನ್ನು ಹಿಡಿದು ನಿಂತ. ಅದರ ಮುಖ ಅವನ ಕಡೆಗಿತ್ತು.

ಆಗ ಅವನಿಗೆ ಹೆಂಡತಿಯ ಮಾತು ನೆನಪಾಯಿತು. ಅಷ್ಟು ಚಿತ್ರಗಳನ್ನು ಕೈಯಾರೆ ಸುತ್ತಿದ್ದ, ಒಂದರಲ್ಲೂ ಏನಿತ್ತೆಂದು ನೋಡಿರಲಿಲ್ಲ. ಒಂದೊಂದರ ಭಾರ ಮಾತ್ರ ನೆನಪಿತ್ತು. ಮನೆಯಲ್ಲಿ ಅವಳು ಕಾಯುತ್ತಿದ್ದಾಳೆ. ಇದೊಂದೇ ಉಳಿದಿದೆ, ಮೇಸ್ತ್ರಿಗಳು ಬಂದರೆ ಇದೂ ಹೋಯಿತು. ಕಣ್ಣು ಕಿರಿದು ಮಾಡದೆ, ಅಗಲ ಮಾಡಿ ನೋಡಿದ.

ಒಂದು ಅಡುಗೆಮನೆ. ಕಿಟಕಿಯಲ್ಲಿ ಸಂಜೆ. ಒಲೆಯ ಮುಂದೆ ಬೆನ್ನು ಮಾಡಿ ನಿಂತ ಹೆಂಗಸು, ಪಾತ್ರೆಯ ಮುಚ್ಚಳದ ಮೇಲೆ ಅವಳ ಕೈ. ಮುಚ್ಚಳ ತೆಗೆಯಲು ಹೋದವಳು ತೆಗೆದಿಲ್ಲ. ತಲೆ ಇಷ್ಟೇ ಇಷ್ಟು ಒಂದು ಪಕ್ಕಕ್ಕೆ ವಾಲಿದೆ. ಮೇಜಿನ ಬಳಿ ಒಂದು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದಿಟ್ಟಿದ್ದಾರೆ, ಅದರಲ್ಲಿ ಯಾರೂ ಕೂತಿಲ್ಲ. ಬಾಗಿಲು ಚಿತ್ರದಲ್ಲೇ ಇಲ್ಲ. ಆದರೂ ಅವಳು ಮೆಟ್ಟಿಲ ಮೇಲಿನ ಹೆಜ್ಜೆ ಸದ್ದಿಗೆ ಕಿವಿಗೊಟ್ಟಿದ್ದಾಳೆಂದು ತಕ್ಕಡಿಯಣ್ಣನಿಗೆ ಯಾರೂ ಹೇಳಿಕೊಡದೆ ತಿಳಿಯಿತು. ಆ ವಾಲಿದ ತಲೆಯನ್ನು ಅವನು ಮದುವೆಯಾದಾಗಿನಿಂದ ನೋಡುತ್ತಿದ್ದಾನೆ. ನೋಡುತ್ತಿದ್ದೇನೆಂದು ಗೊತ್ತಿರಲಿಲ್ಲ, ಅಷ್ಟೆ.

ಅವನು ಹೀಗೆ ನಿಂತಿರುವಾಗ ಅವನ ಸುತ್ತ ಲೋಕ ಮಗುಚಿ ಬಿತ್ತು.

ಮೊದಲು ಬಂದವರು ಬೇರೊಂದು ಸಾಗಾಣಿಕೆ ಕಂಪನಿಯ ಹಳದಿ ಅಂಗಿಯವರು. "ದಾರಿಯಲ್ಲಿ ಟೈರು ಹೋಯ್ತು ಸಾರ್, ತಡವಾಯ್ತು" ಎಂದು ಒಳಗೆ ನುಗ್ಗಿದವರು ಖಾಲಿ ಗೋಡೆ ನೋಡಿ ನಿಂತರು. ಅಧಿಕಾರಿಗಳು ಹಳದಿಯನ್ನು ನೋಡಿದರು, ನೀಲಿಯನ್ನು ನೋಡಿದರು, ಫೋನು ಕೆಳಗಿಳಿಸಿದರು.

"ನಾನು ಕರೆಸಿದ್ದು ಇವರನ್ನಾದ್ರೆ, ನೀವು ಯಾರ್ರೀ?"

"ನಾವು ಚಿತ್ರ ನೋಡೋಕೆ ಬಂದವರು ಸಾರ್" ಅಂದ ಡ್ರೈವರು.

"ನೋಡೋಕೆ ಬಂದವರು ಯಾರಾದ್ರೂ ಕಟ್ಟಿಹಾಕ್ತಾರಾ?"

"ನೀವೇ ತಾನೆ ಪ್ರೀತಿಯಿಂದ ಮಾಡಿ ಅಂದಿದ್ದು?"

"ಹಾಗಾದ್ರೆ ಈ ನಿಮ್ಮ ಮಾಲೀಕರು?" ಎಂದು ಅಧಿಕಾರಿಗಳು ಕನ್ನಡಕದ ಹಿರಿಯರತ್ತ ತಿರುಗಿದರು.

"ನಾನು ನಿವೃತ್ತ ಮೇಷ್ಟ್ರು" ಅಂದರು ಹಿರಿಯರು, ಗಂಟಿನಿಂದ ಬೆರಳು ತೆಗೆಯದೆ. "ನನ್ನನ್ನ ಈಗ ಮಾತಾಡಿಸಬೇಡಿ, ಇದು ಸಡಿಲ ಆಗುತ್ತೆ."

ಆಗ ಆಫೀಸಿನ ಮೇಡಂ ಕೈಯಲ್ಲಿ ಟಿಕೆಟ್ಟುಗಳ ಮಾಲೆ ಹಿಡಿದು ಬಂದರು. ಮುಂಬಾಗಿಲ ಬಿಸಿಲಿನಲ್ಲಿ ಕಾದು, ಫೋನು ಮಾಡಿ ಮಾಡಿ, ಲಾರಿಯ ಡಬ್ಬಿಯೊಳಗೆ ಎಲ್ಲ ಫೋನುಗಳೂ ಒಟ್ಟಿಗೆ ಅರಚುವುದನ್ನು ಕೇಳಿಸಿಕೊಂಡು ಬಂದಿದ್ದರು. ಹಾಲನ್ನು ಒಂದು ಸುತ್ತು ನೋಡಿದರು. "ಒಂದು ದಿನ," ಅಂದರು. "ಒಂದೇ ಒಂದು ದಿನ ನಿಮ್ಮ ಕೈ ಸುಮ್ನಿರಲಿಲ್ವಲ್ಲ." ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

"ಮೇಡಂ, ಅದರ ಮೇಲೆ ಕೂತ್ಕೋಬೇಡಿ, ಒಳಗೆ ಗಾಜಿದೆ" ಎಂದು ಮೇಸ್ತ್ರಿಗಳು ಹೊಸ ಸುರುಳಿ ಹೊತ್ತು ಒಳಗೆ ಬರುತ್ತಲೇ ಹೇಳಿದರು.

ಅಧಿಕಾರಿಗಳು ಕೊನೆಗೆ ಮೆತ್ತಗಾದರು. ತಪ್ಪು ತಮ್ಮದೂ ಇದೆ, ಮುಂದಿನ ಹಾಲಿನ ಬಾಗಿಲೂ ಆಗಲೇ ಹಾಕಿಯಾಗಿದೆ. ಇಷ್ಟು ದೂರದಿಂದ ಬಂದವರಿಗೆ ಎರಡು ಮೂರು ಚಿತ್ರವನ್ನಾದರೂ ಬಿಚ್ಚಿ ತೋರಿಸೋಣ ಎಂದರು. ಮೇಸ್ತ್ರಿಗಳು ಒಪ್ಪಲಿಲ್ಲ. "ನಾನು ಕಟ್ಟಿದ್ದನ್ನ ಸೇರಬೇಕಾದ ಜಾಗದಲ್ಲಿ ಬಿಟ್ಟು ಬೇರೆಲ್ಲೂ ಬಿಚ್ಚಿದ್ದಿಲ್ಲ. ನೋಡದಿದ್ರೆ ಅಷ್ಟೇ ಹೋಯ್ತು." ಹಳದಿ ಅಂಗಿಯವರು ಗಂಟುಗಳನ್ನು ಮುಟ್ಟಿ ನೋಡಿ ತಮ್ಮತಮ್ಮಲ್ಲೇ ಏನೋ ಪಿಸುಗುಟ್ಟಿದರು, ಒಬ್ಬ ಹೂವಿನ ಮಡಿಕೆ ಹೇಗೆ ಹಾಕುವುದೆಂದು ಡ್ರೈವರನ್ನು ಕೇಳಿಯೂಬಿಟ್ಟ.

ಈ ಗದ್ದಲ ಮುಗಿದ ಮೇಲೆ ಎಲ್ಲರಿಗೂ ಒಂದೇ ಸಲ ನೆನಪಾಯಿತು, ಇದಕ್ಕೆಲ್ಲ ಮೂಲಪುರುಷ ಯಾರೆಂದು. ತಿರುಗಿ ನೋಡಿದರೆ ತಕ್ಕಡಿಯಣ್ಣ ಹಿಡಿದಲ್ಲೇ ಹಿಡಿದುಕೊಂಡು, ನಿಂತಲ್ಲೇ ನಿಂತಿದ್ದಾನೆ. ಬೈಯಲು ಬಾಯಿ ತೆರೆದ ಮೇಸ್ತ್ರಿಗಳನ್ನು ಚಿತ್ರಗಾರ್ತಿ ಕೈಸನ್ನೆಯಿಂದ ತಡೆದರು. ಸ್ಟೂಲಿನಿಂದೆದ್ದು ಬಂದು ಅವನ ಪಕ್ಕದಲ್ಲಿ ನಿಂತರು.

"ಅಮ್ಮಾ, ಅವನು ಬಂದನಾ?" ಎಂದು ಕೇಳಿದ ತಕ್ಕಡಿಯಣ್ಣ.

"ಯಾರು?"

"ಆ ಕುರ್ಚಿಯವನು."

"ನಾನು ಬರೆಯುವಾಗ ಇನ್ನೂ ಬಂದಿರಲಿಲ್ಲ" ಅಂದರು ಆಕೆ. ಇಬ್ಬರೂ ಇನ್ನಷ್ಟು ಹೊತ್ತು ನೋಡಿದರು. ಆಮೇಲೆ ಆ ಚಿತ್ರವನ್ನು ಮೇಸ್ತ್ರಿಗಳೇ ತಮ್ಮ ಸುರುಳಿಯಿಂದ ಸುತ್ತಿಕೊಟ್ಟರು.

ವಾಪಸು ಬರುವಾಗ ಲಾರಿಯಲ್ಲಿ ಅವನಿಗೆ ಆದ ಪೂಜೆಯನ್ನು ಬರೆಯುವುದು ಬೇಡ. ಇನ್ನು ಮೇಲೆ ಲೋಟ ಸುತ್ತಲು ಇವನಿಗೆ ಬರೀ ಬಿಳಿ ಕಾಗದ ಕೊಡಬೇಕೆಂದು ಮೇಡಂ ತೀರ್ಪು ಕೊಟ್ಟರು. ಇಷ್ಟಾದರೂ ಊರು ಹತ್ತಿರವಾಗುವ ಹೊತ್ತಿಗೆ ಮೇಸ್ತ್ರಿಗಳು ತಮ್ಮಷ್ಟಕ್ಕೆ, "ಆದ್ರೂ ಆ ದೊಡ್ಡದಕ್ಕೆ ಹಾಕಿದ ಗಂಟು ಇತ್ತಲ್ಲ" ಎಂದು ನಿಟ್ಟುಸಿರಿಟ್ಟರು. ಯಾರೂ ಇಲ್ಲವೆನ್ನಲಿಲ್ಲ.

ತಕ್ಕಡಿಯಣ್ಣ ಮೆಟ್ಟಿಲು ಹತ್ತುವಾಗ ದೀಪ ಹಾಕುವ ಹೊತ್ತು. ಬಾಗಿಲು ತಳ್ಳಿದ. ಅವಳು ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು, ತಲೆ ಇಷ್ಟೇ ಇಷ್ಟು ಬಾಗಿಲ ಕಡೆಗೆ ವಾಲಿತ್ತು. ಅವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ಯಾಕ್ರೀ ಅಲ್ಲೇ ನಿಂತ್ರಿ? ಒಳಗೆ ಬನ್ನಿ. ಒಂದಾದ್ರೂ ನೋಡಿದ್ರಾ?"

"ಒಂದೇ ನೋಡಿದೆ" ಅಂದ.

ಚಪ್ಪಲಿಯನ್ನೂ ಬಿಡದೆ ಹೇಳಲು ಶುರುಮಾಡಿದ. ಕಿಟಕಿಯ ಸಂಜೆ ಹೇಳಿದ, ಅದು ಕಿತ್ತಳೆ ಬಣ್ಣದ್ದಲ್ಲ, ಕಿತ್ತಳೆ ಮುಗಿದ ಮೇಲೆ ಬರುವ ಬಣ್ಣದ್ದು ಅಂದ. ತೆಗೆಯದ ಮುಚ್ಚಳ ಹೇಳಿದ. ಎಳೆದಿಟ್ಟ ಕುರ್ಚಿ ಹೇಳಿದ. ಚಿತ್ರದವಳು ಬೆನ್ನು ಮಾಡಿದ್ದರೂ ಏನು ಕೇಳಿಸಿಕೊಳ್ಳುತ್ತಿದ್ದಳೆಂದು ಹೇಳಿದ. ಹೇಳುತ್ತಾ ಅವನ ದನಿ ಸಣ್ಣದಾಯಿತು. ಹೆಂಡತಿ ಸೌಟು ಕೈಯಲ್ಲಿ ಹಿಡಿದು ಮಿಸುಕದೆ ಕೇಳಿದಳು.

ಮುಗಿದ ಮೇಲೆ ಅವಳು ಸೌಟನ್ನು ಕೆಳಗಿಟ್ಟಳು. ಆಮೇಲೆ ತುಟಿಯಂಚಿನಲ್ಲಿ ನಗು ತಂದುಕೊಂಡು ಕೆಣಕಿದಳು. "ಎಷ್ಟು ಭಾರ ಇತ್ತು?"

ತಕ್ಕಡಿಯಣ್ಣ ಹೇಳಲು ಬಾಯಿ ತೆರೆದ. ಎರಡೂ ಕೈ ಮುಂದೆ ಚಾಚಿ, ಅಂಗೈ ನೋಡಿಕೊಂಡ.

"ಗೊತ್ತಾಗ್ಲಿಲ್ಲ ಕಣೇ" ಅಂದ.

ಅವಳು ಕುಂಟುತ್ತಾ ಮೇಜಿನ ಬಳಿಗೆ ಹೋಗಿ ಅವನ ಕುರ್ಚಿಯನ್ನು ಹಿಂದಕ್ಕೆ ಎಳೆದಳು. "ಕೂತ್ಕೊಳ್ಳಿ. ಮೊದಲಿಂದ ಇನ್ನೊಂದ್ಸಲ ಹೇಳಿ" ಅಂದಳು.